ಮಂಜುಗಡ್ಡೆಯಲ್ಲಿ ಸಿಕ್ಕಿಬೀಳಲೆಂದೇ ಹಡಗು ಕಟ್ಟಿಸಿದ ನಾನ್ಸನ್

1884ರಲ್ಲಿ ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಗೆ ತೇಲಿಬಂದ ಮಂಜುಗಡ್ಡೆಯ ಮೇಲೆ ಒಂದಷ್ಟು ಹಳೇ ಸಾಮಾನು ಸಿಕ್ಕಿತು. ಮಳೆಗೆ ಹಾಕಿಕೊಳ್ಳುವ ಎಣ್ಣೆಬಟ್ಟೆಯ ಪ್ಯಾಂಟು, ಒಂದು ಟೋಪಿಯ ತುಂಡು, ದಿನಸಿ ಪಟ್ಟಿಯ ಒಂದು ಹಾಳೆ. ಪ್ಯಾಂಟಿನ ಮೇಲೆ ನೋರೋಸ್ ಎಂಬ ನಾವಿಕನ ಹೆಸರಿತ್ತು. ಪಟ್ಟಿಯ ಕೆಳಗೆ ಡಿ ಲಾಂಗ್ ಅಂತ ಸಹಿ. ಎರಡೂ ಅಮೆರಿಕದ ‘ಜೆನೆಟ್’ ಹಡಗಿನವರ ಹೆಸರುಗಳು. ವಿಚಿತ್ರ ಏನಂದರೆ ಆ ಹಡಗು ಗ್ರೀನ್‌ಲ್ಯಾಂಡಿನ ಹತ್ತಿರ ಎಲ್ಲೂ ಮುಳುಗಿರಲಿಲ್ಲ. 1879ರಲ್ಲಿ ಸೈಬೀರಿಯಾದ ಉತ್ತರಕ್ಕೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಹತ್ತಿರ ಹತ್ತಿರ ಎರಡು ವರ್ಷ ಅದರ ಜೊತೆ ತೇಲಿ, 1881ರ ಜೂನ್‌ನಲ್ಲಿ ಅಲ್ಲೇ ಪುಡಿಯಾಗಿ ಮುಳುಗಿತ್ತು.

ಗ್ಲೋಬ್ ಇದ್ದರೆ ಒಮ್ಮೆ ಮೇಲಿನಿಂದ ನೋಡಿ. ಸೈಬೀರಿಯಾ ಒಂದು ಕಡೆ, ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಅದರ ಎದುರು ಕಡೆ, ನಡುವೆ ಉತ್ತರ ಧ್ರುವ. ಹಾಗಾದರೆ ಮೂರು ವರ್ಷದಲ್ಲಿ ಆ ಪ್ಯಾಂಟು ಯಾವ ದಾರಿಯಲ್ಲಿ ಬಂತು?

ನಾರ್ವೆಯ ಹವಾಮಾನ ವಿಜ್ಞಾನಿ ಹೆನ್ರಿಕ್ ಮೋನ್ ಇದಕ್ಕೆ ಒಂದು ಉತ್ತರ ಕೊಟ್ಟರು. ಧ್ರುವದ ಆಸುಪಾಸಿನ ಮಂಜುಗಡ್ಡೆ ನಿಂತಲ್ಲೇ ನಿಂತಿಲ್ಲ, ಸೈಬೀರಿಯಾದ ಕಡೆಯಿಂದ ಗ್ರೀನ್‌ಲ್ಯಾಂಡಿನ ಕಡೆಗೆ ಅಡ್ಡಲಾಗಿ ಸಾಗುತ್ತಾ ಇದೆ, ಸಾಮಾನುಗಳು ಅದರ ಮೇಲೆ ಕೂತು ಬಂದಿವೆ ಅಂತ. ಅದನ್ನು ಓದಿದವರು ಸುಮಾರು ಜನ ಇರಬಹುದು. ಬರ್ಗೆನ್ ಊರಿನ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದ 23 ವರ್ಷದ ಹುಡುಗನೊಬ್ಬ ಓದಿ ಯೋಚಿಸಿದ್ದೇ ಬೇರೆ: ಪ್ಯಾಂಟು ಬರಬಹುದು ಅಂದರೆ ಹಡಗು ಯಾಕೆ ಬರಬಾರದು?

ಅವನೇ ಫ್ರಿಡ್ಯೋಫ್ ನಾನ್ಸನ್. ಧ್ರುವ ಸಾಹಸಿಗರು ಅಂದ ತಕ್ಷಣ ಅಮುಂಡ್ಸನ್, ಸ್ಕಾಟ್, ಶ್ಯಾಕಲ್ಟನ್ ಹೆಸರು ಬರುತ್ತದೆ, ಇವನ ಹೆಸರು ಸ್ವಲ್ಪ ಹಿಂದೆಯೇ ಉಳಿಯುತ್ತದೆ. ಧ್ರುವ ಮುಟ್ಟಲಿಲ್ಲ ಅಲ್ವಾ, ಅದಕ್ಕೇ ಇರಬೇಕು. ಆದರೆ ಆ ಮೂವರೂ ಇವನು ತೋರಿಸಿಕೊಟ್ಟ ದಾರಿಯಲ್ಲಿ ಕೆಲಸ ಕಲಿತವರು. ನನ್ನ ಲೆಕ್ಕದಲ್ಲಿ ಅವರೆಲ್ಲರಿಗಿಂತ ಜಾಸ್ತಿ ತಲೆ ಓಡಿಸಿದವನೂ ಇವನೇ.

ಹುಟ್ಟಿದ್ದು 1861ರ ಅಕ್ಟೋಬರ್ 10, ಈಗಿನ ಓಸ್ಲೋ ಹತ್ತಿರ. ಆಗ ಅದರ ಹೆಸರು ಕ್ರಿಸ್ಟಿಯಾನಿಯಾ, ನಾರ್ವೆ ಇನ್ನೂ ಸ್ವೀಡನ್ ರಾಜನ ಕೆಳಗಿತ್ತು. ಅಪ್ಪ ವಕೀಲ. ಅಮ್ಮನಿಗೆ ಸ್ಕೀ ಅಂದರೆ ಪ್ರಾಣ, ಮಗನಿಗೂ ಅದೇ ಹುಚ್ಚು ಹತ್ತಿತು. ಓದಿದ್ದು ಪ್ರಾಣಿಶಾಸ್ತ್ರ. 20ನೇ ವಯಸ್ಸಿಗೆ ಸೀಲ್ ಬೇಟೆಯ ಹಡಗೊಂದನ್ನು ಹತ್ತಿ ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯವರೆಗೂ ಹೋಗಿದ್ದ. ಆ ಹಡಗು ಮಂಜುಗಡ್ಡೆಯಲ್ಲಿ ವಾರಗಟ್ಟಲೆ ಸಿಕ್ಕಿಕೊಂಡು ನಿಂತಿತ್ತು. ದೂರದಲ್ಲಿ ಗ್ರೀನ್‌ಲ್ಯಾಂಡಿನ ಬೆಟ್ಟಗಳು ಕಾಣುತ್ತಿದ್ದವು. ಒಳಗೆ ಏನಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮ್ಯೂಸಿಯಂನಲ್ಲಿ ಅವನು ಮಾಡುತ್ತಿದ್ದುದು ನರಗಳ ಸಂಶೋಧನೆ. ಸಣ್ಣ ಸಮುದ್ರಜೀವಿಗಳ ನರಮಂಡಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡೋದು. ಇಟಲಿಗೆ ಹೋಗಿ ಗಾಲ್ಜಿ ಎಂಬ ವಿಜ್ಞಾನಿಯ ಬಳಿ ನರಕೋಶಕ್ಕೆ ಬಣ್ಣ ಹಾಕುವ ವಿಧಾನ ಕಲಿತು ಬಂದಿದ್ದ. ನರಮಂಡಲ ಅಂದರೆ ಒಂದಕ್ಕೊಂದು ಬೆಸೆದ ಒಂದೇ ಬಲೆ ಅಂತ ನಂಬಿದ್ದ ಕಾಲ ಅದು. ಇಲ್ಲ, ಪ್ರತಿ ನರಕೋಶವೂ ಬೇರೆ ಬೇರೆ ಅಂತ ಮೊದಮೊದಲು ಹೇಳಿದ ಕೆಲವರಲ್ಲಿ ನಾನ್ಸನ್ನೂ ಒಬ್ಬ. ಮಂಜಿನ ಕಡೆ ತಿರುಗದೇ ಇದ್ದಿದ್ದರೂ ಹೆಸರು ಮಾಡುತ್ತಿದ್ದ ಬಿಡಿ.

1888ರಲ್ಲಿ ಡಾಕ್ಟರೇಟ್ ಪ್ರಬಂಧ ಮಂಡಿಸಿದ ಕೆಲವೇ ದಿನಕ್ಕೆ ಗ್ರೀನ್‌ಲ್ಯಾಂಡ್ ದಾಟಲು ಹೊರಟ. ಅವನ ತಲೆ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದು ಇಲ್ಲಿಂದಲೇ ಕಾಣುತ್ತದೆ. ಅದಕ್ಕೆ ಮುಂಚೆ ಪ್ರಯತ್ನಿಸಿದ ನೂರ್ಡೆನ್‌ಶೋಲ್ಡ್, ಪಿಯರಿ ಇಬ್ಬರೂ ಜನವಸತಿ ಇರುವ ಪಶ್ಚಿಮ ಕರಾವಳಿಯಿಂದ ಹತ್ತಿ, ಒಳಗೆ ಅಷ್ಟು ದೂರ ಹೋಗಿ, ವಾಪಸ್ ಬಂದಿದ್ದರು. ನಾನ್ಸನ್ ಹೇಳಿದ, ಪೂರ್ವದಿಂದ ಶುರು ಮಾಡೋಣ. ಪೂರ್ವದಲ್ಲಿ ಊರಿಲ್ಲ, ವಾಪಸ್ ಹೋಗಿ ಉಳಿದುಕೊಳ್ಳಲು ಯಾವ ಮನೆಯೂ ಇಲ್ಲ. ಊಟ, ಬೆಂಕಿ, ಜನ ಎಲ್ಲ ಇರೋದು ಆಚೆ ಕಡೆ. ಹಾಗಾಗಿ ಸುಸ್ತಾದವನಿಗೂ ಮುಂದೆ ಹೋಗೋದೇ ಹತ್ತಿರದ ದಾರಿ. ಜೊತೆಗೆ, ಪಶ್ಚಿಮದಿಂದ ಹೊರಟರೆ ದಾಟಿದ ಮೇಲೆ ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಇಲ್ಲಿ ಒಂದೇ ಸಲ ನಡೆದರೆ ಮುಗಿಯಿತು. ಪತ್ರಿಕೆಗಳು ಇದನ್ನು ಹುಚ್ಚಾಟ ಅಂದವು.

ಒಟ್ಟು ಆರು ಜನ. ನಾಲ್ವರು ನಾರ್ವೆಯವರು, ಇಬ್ಬರು ಸಾಮಿ ಜನಾಂಗದವರು: ಸ್ಯಾಮ್ಯುಯೆಲ್ ಬಾಲ್ಟೊ ಮತ್ತು ಊಲೆ ರಾವ್ನಾ. ಜುಲೈ 17ಕ್ಕೆ ಹಡಗಿನಿಂದ ಇಳಿದು ಎರಡು ದೋಣಿಯಲ್ಲಿ ದಡಕ್ಕೆ ಹೊರಟರೆ ತೇಲುವ ಮಂಜುಗಡ್ಡೆ ಅವರನ್ನು ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಎಳೆದುಕೊಂಡು ಹೋಯಿತು. ಹನ್ನೆರಡು ದಿನ ಬೇಕಾಯಿತು ದಡ ಮುಟ್ಟಲು. ಮತ್ತೆ ಉತ್ತರಕ್ಕೆ ಹುಟ್ಟು ಹಾಕಿಕೊಂಡು ಬಂದು, ಆಗಸ್ಟ್ ಮಧ್ಯದಲ್ಲಿ ಹತ್ತಲು ಶುರು. ಮೇಲೆ 2,700 ಮೀಟರ್ ಎತ್ತರದ ಮಂಜಿನ ಬಯಲು, ರಾತ್ರಿ ಸೊನ್ನೆಗಿಂತ 45 ಡಿಗ್ರಿ ಕೆಳಗೆ. ಒಣಮಾಂಸ ಮಾಡಿಕೊಟ್ಟವನು ಕೊಬ್ಬನ್ನೆಲ್ಲ ತೆಗೆದುಬಿಟ್ಟಿದ್ದ. ಹಾಗಾಗಿ ಹೊಟ್ಟೆ ತುಂಬಿದರೂ ಹಸಿವು ಹೋಗುತ್ತಿರಲಿಲ್ಲ, ಬೆಣ್ಣೆಯದೇ ಕನಸು. ಪಶ್ಚಿಮದ ಕಣಿವೆಗೆ ಇಳಿದ ಮೇಲೆ ನಾನ್ಸನ್ ಮತ್ತು ಒಟ್ಟೊ ಸ್ವರ್ಡ್ರುಪ್ ಸೇರಿ ಟೆಂಟಿನ ಬಟ್ಟೆ, ಅಲ್ಲೇ ಬೆಳೆದಿದ್ದ ಗಿಡದ ಕಡ್ಡಿ ಬಳಸಿ ದೋಣಿಯಂಥದ್ದೊಂದನ್ನು ಕಟ್ಟಿ, ಅಕ್ಟೋಬರ್ 3ಕ್ಕೆ ಗೋಡ್‌ಥೋಬ್, ಅಂದರೆ ಈಗಿನ ನೂಕ್, ತಲುಪಿದರು. ಎದುರು ಬಂದ ಡ್ಯಾನಿಶ್ ಅಧಿಕಾರಿ ಮೊದಲು ಹೇಳಿದ ಸುದ್ದಿ ಏನು ಗೊತ್ತಾ? ‘ನಿಮಗೆ ಡಾಕ್ಟರೇಟ್ ಬಂದಿದೆ.’

ಆ ವರ್ಷದ ಕೊನೇ ಹಡಗು ತಪ್ಪಿತು, ಚಳಿಗಾಲ ಪೂರ್ತಿ ಅಲ್ಲೇ. ನಾನ್ಸನ್ ಅದನ್ನು ಸುಮ್ನೆ ಕಳೆಯಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಮನೆಗಳಲ್ಲಿ ಕೂತು ಕಯಾಕ್ ಎಂಬ ಅವರ ಪುಟ್ಟ ದೋಣಿ ನಡೆಸೋದು, ಸೀಲ್ ಹೊಡೆಯೋದು, ಅವರು ತಿನ್ನೋದನ್ನು ತಿನ್ನೋದು ಎಲ್ಲ ಕಲಿತ. ಮುಂದೆ ಅವನ ಜೀವ ಉಳಿಸಿದ್ದು ಈ ಪಾಠ.

ಈಗ ಮತ್ತೆ ಆ ತೇಲುವ ಹಡಗಿನ ವಿಚಾರಕ್ಕೆ ಬರೋಣ. ಅಂಟಾರ್ಕ್ಟಿಕಾ ನೆಲ, ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜು. ಉತ್ತರ ಧ್ರುವದಲ್ಲಿ ನೆಲವೇ ಇಲ್ಲ. ಅಲ್ಲಿರೋದು ಸಮುದ್ರ, ಅದರ ಮೇಲೆ ಕೆಲವೇ ಮೀಟರ್ ದಪ್ಪದ ಮಂಜುಗಡ್ಡೆ. ಗಾಳಿ ತಳ್ಳಿದ ಕಡೆ ಅದು ಸರಿಯುತ್ತದೆ, ಬಿರಿಯುತ್ತದೆ, ಒಂದರ ಮೇಲೊಂದು ಹತ್ತಿ ಗುಡ್ಡವಾಗುತ್ತದೆ. ಇವತ್ತು ನಮಗೆ ಇದು ಶಾಲೆಯ ಪಾಠ, ಆಗ ಹಾಗಿರಲಿಲ್ಲ. ಧ್ರುವದ ಸುತ್ತ ಯಾವುದೋ ಭೂಮಿ ಇದೆ, ಇಲ್ಲವೇ ಆಳವಿಲ್ಲದ ಸಮುದ್ರ ಇದೆ ಅಂತಲೇ ಹೆಚ್ಚಿನವರು ನಂಬಿದ್ದರು.

ನಾನ್ಸನ್ ಸಾಕ್ಷಿ ಗುಡ್ಡೆ ಹಾಕಿದ. ಜೆನೆಟ್‌ನ ಸಾಮಾನು ಒಂದು. ಮರವೇ ಬೆಳೆಯದ ಗ್ರೀನ್‌ಲ್ಯಾಂಡಿನ ದಡಕ್ಕೆ ಪ್ರತಿವರ್ಷ ತೇಲಿಬರುವ ಸೈಬೀರಿಯಾದ ಮರದ ದಿಮ್ಮಿ ಇನ್ನೊಂದು. ಅಲಾಸ್ಕಾದ ಇನ್ಯುಯಿಟ್ ಬೇಟೆಗಾರರು ಬಳಸುವ ಈಟಿ ಎಸೆಯುವ ಕೋಲು ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕಿತ್ತು, ಅದೂ ಸೇರಿತು. ತೇಲುವ ಮಂಜುಗಡ್ಡೆಯ ಮೇಲಿನ ಕೆಸರಿನಲ್ಲಿ ಬೇರಿಂಗ್ ಜಲಸಂಧಿಯ ಕಡೆ ಕಾಣುವ ಸೂಕ್ಷ್ಮ ಪಾಚಿಗಳಿದ್ದವು. ಇಷ್ಟು ಸಾಕಲ್ವಾ? ಹಾಗಾಗಿ ಸೈಬೀರಿಯಾದ ಬಳಿ ಬೇಕಂತಲೇ ಮಂಜುಗಡ್ಡೆಯೊಳಗೆ ನುಗ್ಗಿ, ಹಡಗನ್ನು ಅಲ್ಲೇ ಹೆಪ್ಪುಗಟ್ಟಲು ಬಿಟ್ಟು, ಅದು ಕರೆದುಕೊಂಡು ಹೋದಲ್ಲಿಗೆ ಹೋಗೋದು. ಧ್ರುವದ ಪಕ್ಕದಲ್ಲೆಲ್ಲೋ ಹಾದು ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಯ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗೆನ್ ದ್ವೀಪದ ನಡುವೆ ಹೊರಗೆ ಬೀಳೋದು. ಅಂದಾಜು ಎರಡು ಮೂರು ವರ್ಷ. ಊಟ ಐದು ವರ್ಷಕ್ಕೆ.

ದೊಡ್ಡವರೆಲ್ಲ ಬೈದರು. ಅಮೆರಿಕದ ಅಡಾಲ್ಫಸ್ ಗ್ರೀಲಿ ಇದನ್ನು ತರ್ಕವಿಲ್ಲದ ಆತ್ಮಹತ್ಯೆಯ ಯೋಜನೆ ಅಂದ. ಅವನೇನು ಸುಮ್ನೆ ಮಾತಾಡುವವನಲ್ಲ; ಅವನ ಸ್ವಂತ ಯಾತ್ರೆಯ 25 ಜನರಲ್ಲಿ ಜೀವಂತ ಮನೆಗೆ ಮರಳಿದ್ದು ಆರೇ ಜನ. ಮಂಜುಗಡ್ಡೆಯ ಒತ್ತಡಕ್ಕೆ ಯಾವ ಹಡಗೂ ತಡೆಯೋದಿಲ್ಲ ಅನ್ನೋದು ಎಲ್ಲರ ವಾದ. ಆದರೂ ನಾರ್ವೆಯ ಸಂಸತ್ತು ಖರ್ಚಿನ ಬಹುಪಾಲು ಕೊಟ್ಟಿತು, ಉಳಿದದ್ದನ್ನು ರಾಜ ಆಸ್ಕರ್ ಮತ್ತು ಬೇರೆಯವರು ಹಾಕಿದರು.

ಹಡಗಿನ ಹೆಸರು ಫ್ರಾಮ್. ಕಟ್ಟಿದವರು ಕಾಲಿನ್ ಆರ್ಚರ್, ಲಾರ್ವಿಕ್ ಊರಿನವರು. ಇಲ್ಲಿ ಉಪಾಯ ಬಲದಲ್ಲಿಲ್ಲ, ಆಕಾರದಲ್ಲಿದೆ. ಸಾಮಾನ್ಯ ಹಡಗಿನ ಪಕ್ಕ ನೆಟ್ಟಗೆ ಇರುತ್ತದೆ. ಎರಡೂ ಕಡೆಯಿಂದ ಗಡ್ಡೆ ಒತ್ತಿದರೆ ಹಡಗಿಗೆ ಹೋಗಲು ಜಾಗ ಇಲ್ಲ, ಮುರಿಯಲೇಬೇಕು. ಫ್ರಾಮ್‌ನ ಒಡಲು ದುಂಡಗೆ, ನುಣ್ಣಗೆ, ಗಡ್ಡೆಗೆ ಹಿಡಿದುಕೊಳ್ಳಲು ಒಂದು ಮೂಲೆಯೂ ಸಿಗದ ಹಾಗೆ. ಹಸಿ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಚಿಮ್ಮಿ ಮೇಲೆ ಹೋಗುತ್ತದಲ್ಲ, ಹಾಗೆ ಒತ್ತಡ ಬಂದಷ್ಟೂ ಹಡಗು ಮೇಲೇಳಬೇಕು. ಉದ್ದ 39 ಮೀಟರ್, ಅಗಲ 11 ಮೀಟರ್. ಅಂದರೆ ನೋಡಲು ಕುಳ್ಳಗೆ, ಡುಮ್ಮಗೆ. ಪಕ್ಕದ ಗೋಡೆ ಮುಕ್ಕಾಲು ಮೀಟರ್ ಆಸುಪಾಸು ದಪ್ಪ, ಹೊರಗೆ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದ ಹೊದಿಕೆ. ಚುಕ್ಕಾಣಿ, ಪ್ರೊಪೆಲ್ಲರ್ ಎರಡನ್ನೂ ಗಡ್ಡೆ ಹತ್ತಿರ ಬಂದಾಗ ಮೇಲಕ್ಕೆ ಎಳೆದುಕೊಳ್ಳಬಹುದು. ಒಳಗಿನ ಕೋಣೆಗಳಿಗೆ ಕಾರ್ಕ್, ಉಣ್ಣೆ, ಹಿಮಸಾರಂಗದ ಕೂದಲು ತುಂಬಿದ ಪದರ ಪದರ ಗೋಡೆ. ದೀಪಕ್ಕೆ ಒಂದು ಗಾಳಿಯಂತ್ರ, ಅದರಿಂದ ಓಡುವ ಡೈನಮೊ. 1892ರ ಅಕ್ಟೋಬರ್‌ನಲ್ಲಿ ನಾನ್ಸನ್ ಹೆಂಡತಿ ಈವಾ ಅದನ್ನು ನೀರಿಗಿಳಿಸಿದಳು. ತೆರೆದ ಸಮುದ್ರದಲ್ಲಿ ಫ್ರಾಮ್ ಸವಾರಿ ಮಾತ್ರ ಭಯಂಕರ. ದುಂಡಗಿದ್ದರೆ ಅಲೆಗೆ ಹೊರಳಾಡುತ್ತದೆ, ನಾವಿಕರೇ ವಾಂತಿ ಮಾಡಿಕೊಂಡು ಮಲಗುತ್ತಿದ್ದರು.

1893ರ ಜೂನ್ 24ಕ್ಕೆ ಕ್ರಿಸ್ಟಿಯಾನಿಯಾದಿಂದ ಹೊರಟರು. ಕೊನೆಗೆ ಹಡಗಿನಲ್ಲಿದ್ದದ್ದು 13 ಜನ, ಕ್ಯಾಪ್ಟನ್ ಆಗಿ ಅದೇ ಸ್ವರ್ಡ್ರುಪ್. ಸೈಬೀರಿಯಾದ ಕರಾವಳಿಯಲ್ಲಿ ಸಾಗುವಾಗ ಒಂದು ಕಡೆ ವಿಚಿತ್ರವಾಯಿತು. ಸಮುದ್ರ ಶಾಂತವಾಗಿದೆ, ಎಂಜಿನ್ ಪೂರ್ತಿ ಓಡುತ್ತಿದೆ, ಹಡಗು ಮಾತ್ರ ಮುಂದೆ ಹೋಗುತ್ತಿಲ್ಲ. ನಾಲ್ಕೈದು ನಾಟ್ ಓಡಬೇಕಾದದ್ದು ಸುಮಾರು ಒಂದು ನಾಟ್‌ನಲ್ಲಿ ತೆವಳುತ್ತಿದೆ. ನಾವಿಕರು ಇದಕ್ಕೆ ‘ಸತ್ತ ನೀರು’ ಅಂತ ಮೊದಲಿಂದಲೂ ಹೇಳುತ್ತಿದ್ದರು, ಕಾರಣ ಗೊತ್ತಿರಲಿಲ್ಲ. ನಾನ್ಸನ್ ಗಮನಿಸಿದ್ದು: ಮೇಲೆ ಕರಗಿದ ಮಂಜಿನ ಸಿಹಿನೀರಿನ ತೆಳು ಪದರ, ಕೆಳಗೆ ಉಪ್ಪುನೀರು, ಎರಡೂ ಬೆರೆತಿಲ್ಲ. ಮುಂದೆ ಸ್ವೀಡನ್ನಿನ ವಾಲ್‌ಫ್ರಿಡ್ ಎಕ್ಮನ್ ಪ್ರಯೋಗ ಮಾಡಿ ತೋರಿಸಿದ. ಹಡಗಿನ ತಳ ಆ ಎರಡು ಪದರಗಳ ಗಡಿಯನ್ನು ಕಲಕುತ್ತದೆ, ಅಲ್ಲಿ ನೀರೊಳಗೇ ದೊಡ್ಡ ಅಲೆಗಳು ಏಳುತ್ತವೆ. ಎಂಜಿನ್ನಿನ ಶಕ್ತಿಯೆಲ್ಲ ಕಣ್ಣಿಗೆ ಕಾಣದ ಆ ಅಲೆಗಳನ್ನು ಎಬ್ಬಿಸೋದಕ್ಕೇ ಖರ್ಚಾಗುತ್ತದೆ.

ಸೆಪ್ಟೆಂಬರ್ ಕೊನೆಗೆ 78 ಡಿಗ್ರಿ 50 ಮಿನಿಟ್ ಉತ್ತರ ಅಕ್ಷಾಂಶದ ಸುಮಾರಿಗೆ ಫ್ರಾಮ್ ಹೆಪ್ಪುಗಟ್ಟಿತು. ಆಮೇಲೆ ಕಾಯೋದು. ಮೊದಲ ಎರಡು ತಿಂಗಳು ಗಡ್ಡೆ ಅವರನ್ನು ಹಿಂದಕ್ಕೇ ಕರೆದುಕೊಂಡು ಹೋಯಿತು! ನವೆಂಬರ್‌ನಲ್ಲಿ ನೋಡಿದರೆ ಹೆಪ್ಪುಗಟ್ಟಿದ ಜಾಗಕ್ಕಿಂತಲೂ ದಕ್ಷಿಣಕ್ಕಿದ್ದರು. ಆಮೇಲೆ ಉತ್ತರಕ್ಕೆ ತಿರುಗಿತು, 1894ರ ಮಾರ್ಚ್‌ಗೆ 80 ಡಿಗ್ರಿ ದಾಟಿದರು. ಸುತ್ತಿ ಬಳಸಿ, ಹಾವಿನ ದಾರಿ. 1895ರ ಜನವರಿಯಲ್ಲಿ ಒಂದು ದೊಡ್ಡ ಗಡ್ಡೆಯ ಗುಡ್ಡ ಹಡಗಿನ ಮೇಲೇ ಏರಿ ಬಂತು, ಎಲ್ಲರೂ ಗಂಟುಮೂಟೆ ಕಟ್ಟಿ ಇಳಿಯಲು ತಯಾರಾಗಿದ್ದರು. ಹಡಗು ಕಿರುಗುಟ್ಟಿತು, ಮೇಲೆದ್ದಿತು. ಆರ್ಚರ್ ಲೆಕ್ಕ ಸರಿಯಾಗಿತ್ತು.

ಈ ಕಾಯುವ ದಿನಗಳಲ್ಲಿ ಮಾಡಿದ ಅಳತೆಗಳು ನನಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ವಿಷಯ ಅನ್ನಿಸುತ್ತದೆ. ಸಮುದ್ರ ಆಳವಿಲ್ಲ ಅಂದುಕೊಂಡು ತಂದಿದ್ದ ಹಗ್ಗ ತಳ ಮುಟ್ಟಲೇ ಇಲ್ಲ. ಕೊನೆಗೆ ಹಡಗಿನ ಉಕ್ಕಿನ ಕೇಬಲ್ ಒಂದನ್ನು ಎಳೆ ಎಳೆಯಾಗಿ ಬಿಡಿಸಿ, ಕೊರೆಯುವ ಚಳಿಯಲ್ಲಿ ಬಹಳ ಕಷ್ಟಪಟ್ಟು ಆ ಎಳೆಗಳನ್ನು ಜೋಡಿಸಿ ಹೊಸ ತಂತಿ ಮಾಡಿದರು. ಅದನ್ನು ಬಿಟ್ಟರೆ 3,000 ಮೀಟರ್‌ಗಿಂತಲೂ ಆಳ. ಅಲ್ಲಿಗೆ ಧ್ರುವದ ಸುತ್ತ ಭೂಮಿ ಇದೆ ಅನ್ನೋ ನಂಬಿಕೆ ಹೋಯಿತು. ಇನ್ನೊಂದು, ಮೇಲಿನ ಹೆಪ್ಪುಗಟ್ಟುವ ನೀರಿನ ಕೆಳಗೆ, ಸುಮಾರು 200 ಮೀಟರ್ ಇಳಿದರೆ, ಅಟ್ಲಾಂಟಿಕ್‌ನಿಂದ ಬಂದ ಸ್ವಲ್ಪ ಬೆಚ್ಚಗಿನ, ಹೆಚ್ಚು ಉಪ್ಪಿನ ನೀರು ಇದೆ ಅಂತ ಗೊತ್ತಾಯಿತು.

ಮತ್ತೊಂದು ಗಮನಿಕೆ ಇನ್ನೂ ಚೆಂದ. ಗಡ್ಡೆ ಗಾಳಿ ಬೀಸಿದ ದಿಕ್ಕಿಗೇ ಹೋಗಬೇಕಲ್ವಾ? ಹೋಗುತ್ತಿರಲಿಲ್ಲ. ಪ್ರತಿಸಲ ಗಾಳಿಯ ದಿಕ್ಕಿಗಿಂತ 20ರಿಂದ 40 ಡಿಗ್ರಿ ಬಲಕ್ಕೆ ವಾಲಿ ಸಾಗುತ್ತಿತ್ತು. ಭೂಮಿ ತಿರುಗೋದೇ ಇದಕ್ಕೆ ಕಾರಣ ಅಂತ ನಾನ್ಸನ್ ಊಹಿಸಿದ. ಉತ್ತರ ಗೋಳಾರ್ಧದಲ್ಲಿ ಚಲಿಸುವ ವಸ್ತು ಬಲಕ್ಕೆ ವಾಲುತ್ತದೆ. ಗಾಳಿ ಮೇಲಿನ ನೀರನ್ನು ಎಳೆಯುತ್ತದೆ, ಅದು ಬಲಕ್ಕೆ ವಾಲುತ್ತದೆ. ಆ ನೀರು ತನ್ನ ಕೆಳಗಿನ ಪದರವನ್ನು ಎಳೆಯುತ್ತದೆ, ಅದು ಇನ್ನಷ್ಟು ಬಲಕ್ಕೆ, ಇನ್ನಷ್ಟು ನಿಧಾನ. ಹೀಗೆ ಕೆಳಗಿಳಿದಂತೆ ತಿರುಗುತ್ತಾ ಹೋಗುವ ಏಣಿಯಂಥ ಹರಿವು. ಎಲ್ಲ ಪದರ ಸೇರಿಸಿ ಲೆಕ್ಕ ಹಾಕಿದರೆ ನೀರು ಒಟ್ಟಾರೆ ಹೋಗೋದು ಗಾಳಿಗೆ ಸರಿಯಾಗಿ ಬಲಕ್ಕೆ, 90 ಡಿಗ್ರಿಯಲ್ಲಿ. ಇದರ ಗಣಿತ ಮಾಡಿದವನೂ ಎಕ್ಮನ್ನೇ, ಅದಕ್ಕೇ ಎಕ್ಮನ್ ಸುರುಳಿ ಅಂತ ಹೆಸರು. ಮುಂಗಾರಿನಲ್ಲಿ ಕೇರಳ, ಕರ್ನಾಟಕದ ಕರಾವಳಿಯಲ್ಲಿ ಮೇಲಿನ ನೀರು ದಡದಿಂದ ಆಚೆ ಸರಿದು ತಳದ ತಣ್ಣೀರು ಮೇಲೆ ಬರೋದಕ್ಕೆ ಒಂದು ಕಾರಣ ಇದೇ. ಆ ತಣ್ಣೀರಿನ ಜೊತೆ ಬರುವ ಪೋಷಕಾಂಶವನ್ನು ನಂಬಿಕೊಂಡೇ ನಮ್ಮ ಬೂತಾಯಿ, ಬಂಗುಡೆ ಬೆಳೆಯೋದು.

ಆದರೆ ಹಡಗು ಧ್ರುವಕ್ಕೆ ಹೋಗುವುದಿಲ್ಲ, ಪಕ್ಕದಲ್ಲಿ ಹಾದುಹೋಗುತ್ತದೆ ಅಂತ ಎರಡನೇ ವರ್ಷಕ್ಕೆ ಗೊತ್ತಾಯಿತು. ನಾನ್ಸನ್‌ಗೆ ಕೂತಲ್ಲಿ ಕೂರಲಾಗದ ಸ್ವಭಾವ, ಹಡಗಿನವರಿಗೂ ಅವನ ಸಿಡುಕು ಸಾಕಾಗಿತ್ತು. ನಡೆದೇ ಹೋಗುತ್ತೇನೆ ಅಂದ. ಹಡಗಿನ ಬೆಂಕಿ ಒಲೆ ನೋಡಿಕೊಳ್ಳುತ್ತಿದ್ದ ಹ್ಯಾಲ್ಮರ್ ಯೋಹಾನ್ಸನ್ ಜೊತೆಗೆ ಬಂದ. ಗಟ್ಟಿಮುಟ್ಟು ಆಳು, ಒಳ್ಳೆ ಜಿಮ್ನಾಸ್ಟ್. 1895ರ ಮಾರ್ಚ್ 14, 84 ಡಿಗ್ರಿಯಲ್ಲಿ ಹಡಗು ಬಿಟ್ಟರು. 28 ನಾಯಿ, ಮೂರು ಜಾರುಬಂಡಿ, ಎರಡು ಕಯಾಕ್. ಇದರ ಅರ್ಥ ಗೊತ್ತಾಗಬೇಕಾದರೆ ಒಂದು ನಿಮಿಷ ಯೋಚಿಸಿ: ಹಡಗು ತೇಲುತ್ತಾ ಇರುತ್ತದೆ, ವಾಪಸ್ ಬಂದರೆ ಅದು ಎಲ್ಲಿರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ವಾಪಸ್ ಹಡಗಿಗೆ ಬರುವ ಮಾತೇ ಇಲ್ಲ. ಧ್ರುವ ಮುಟ್ಟಿ, ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ನಡೆದು, ಫ್ರಾನ್ಸ್ ಯೋಸೆಫ್ ಲ್ಯಾಂಡ್ ಎಂಬ ಜನವಸತಿಯಿಲ್ಲದ ದ್ವೀಪಗಳನ್ನು ಹಿಡಿಯಬೇಕು. ಗ್ರೀನ್‌ಲ್ಯಾಂಡಿನ ತರ್ಕವೇ, ಇನ್ನೂ ಹರಿತವಾಗಿ. ಇದು ಧೈರ್ಯವೋ, ಜೊತೆಯವನ ಜೀವದ ಮೇಲೆ ಆಡಿದ ಜೂಜೋ ಅಂತ ಕೇಳಿದರೆ ನಾನು ಎರಡನೆಯದರ ಕಡೆ ಸ್ವಲ್ಪ ವಾಲುತ್ತೇನೆ.

ತೋಳದ ಚರ್ಮದ ಬಟ್ಟೆ ಬೆವರಿಗೆ ಭಾರ ಅಂತ ಹಡಗಿನಲ್ಲೇ ಬಿಟ್ಟು ಉಣ್ಣೆಯದ್ದು ಹಾಕಿಕೊಂಡಿದ್ದರು. ಹಗಲು ಬೆವರು ಇಳಿದು ಬಟ್ಟೆ ಒದ್ದೆ, ಒದ್ದೆ ಬಟ್ಟೆ ಹೆಪ್ಪುಗಟ್ಟಿ ಗಡುಸು. ನಾನ್ಸನ್ ಕೋಟಿನ ತೋಳಿನ ಅಂಚು ಮಣಿಕಟ್ಟಿಗೆ ಉಜ್ಜಿ ಉಜ್ಜಿ ಗಾಯವಾಗಿ, ಅದರ ಕಲೆ ಹಾಗೇ ಉಳಿಯಿತು. ರಾತ್ರಿ ಇಬ್ಬರೂ ಒಂದೇ ಮಲಗುವ ಚೀಲದಲ್ಲಿ ಹಲ್ಲು ಕಟಕಟಿಸುತ್ತಾ ಬಟ್ಟೆ ಕರಗುವವರೆಗೆ ಕಾಯಬೇಕು. ಸುತ್ತ ಎಲ್ಲಿ ನೋಡಿದರೂ ಗಡ್ಡೆಯ ಗುಡ್ಡ, ಜಾರುಬಂಡಿಯನ್ನು ಎತ್ತಿ ಎತ್ತಿ ದಾಟಿಸಬೇಕು. ಸಾಲದು ಅಂತ, ಸೂರ್ಯನನ್ನು ನೋಡಿ ಅಕ್ಷಾಂಶ ಲೆಕ್ಕ ಹಾಕಿದರೆ ನಡೆದಷ್ಟು ದೂರ ಕಾಣುತ್ತಲೇ ಇರಲಿಲ್ಲ. ಕಾಲಡಿಯ ಗಡ್ಡೆ ದಕ್ಷಿಣಕ್ಕೆ ಸರಿಯುತ್ತಿತ್ತು. ಏಪ್ರಿಲ್ 8ಕ್ಕೆ 86 ಡಿಗ್ರಿ 14 ಮಿನಿಟ್ ಹತ್ತಿರ ನಿಂತರು. ಧ್ರುವ ಇನ್ನೂ 420 ಕಿಲೋಮೀಟರ್. ಅಲ್ಲಿವರೆಗೆ ಮನುಷ್ಯ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಹಿಂದಿನ ದಾಖಲೆ 83 ಡಿಗ್ರಿ 24 ಮಿನಿಟ್, ಅದು ಇವನನ್ನು ಬೈದ ಅದೇ ಗ್ರೀಲಿಯ ಜನರದ್ದು. ತಿರುಗಿ ಹೊರಟರು.

ಐದು ದಿನಕ್ಕೇ ಒಂದು ಎಡವಟ್ಟು. ಸುಸ್ತಾಗಿ ಮಲಗಿದವರು ಗಡಿಯಾರಕ್ಕೆ ಕೀಲಿ ಕೊಡೋದು ಮರೆತರು, ಎರಡೂ ನಿಂತವು. ಗಡಿಯಾರ ನಿಂತರೆ ಏನಾಯಿತು ಅಂತೀರಾ? ಎಷ್ಟು ಉತ್ತರಕ್ಕಿದ್ದೀವಿ ಅನ್ನೋದು ಸೂರ್ಯನ ಎತ್ತರ ನೋಡಿದರೆ ಗೊತ್ತಾಗುತ್ತದೆ. ಎಷ್ಟು ಪೂರ್ವ, ಎಷ್ಟು ಪಶ್ಚಿಮ ಅನ್ನೋದಕ್ಕೆ ಸರಿಯಾದ ಸಮಯ ಬೇಕೇ ಬೇಕು. ಅದು ಹೋಯಿತು. ಕೈಯಲ್ಲಿದ್ದ ನಕ್ಷೆಯೂ ತಪ್ಪು, ಇಲ್ಲದ ಭೂಮಿಗಳೆಲ್ಲ ಅದರಲ್ಲಿದ್ದವು. ತಾವು ಎಲ್ಲಿದ್ದೇವೆ ಅಂತ ಗೊತ್ತಿಲ್ಲದೇ ಒಂದು ವರ್ಷಕ್ಕೂ ಜಾಸ್ತಿ ಕಳೆದರು.

ಆಹಾರ ಮುಗಿದಂತೆ ಒಂದೊಂದು ನಾಯಿಯನ್ನು ಕೊಂದು ಉಳಿದವಕ್ಕೆ ಹಾಕುವುದು ಮೊದಲೇ ಹಾಕಿಕೊಂಡ ಲೆಕ್ಕ. ಆಗಸ್ಟ್‌ನಲ್ಲಿ ತೆರೆದ ನೀರು ಸಿಕ್ಕಾಗ ಉಳಿದಿದ್ದು ಎರಡು, ಕೈಫಾಸ್ ಮತ್ತು ಸುಗ್ಗೆನ್. ಕಯಾಕಿನಲ್ಲಿ ಜಾಗ ಇಲ್ಲ. ತನ್ನ ನಾಯಿಯನ್ನು ತಾನೇ ಕೊಲ್ಲಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಇವನದನ್ನು ಅವನು, ಅವನದನ್ನು ಇವನು ಗುಂಡಿಟ್ಟರು. ಅದಕ್ಕೆ ಎರಡು ದಿನ ಹಿಂದೆಯಷ್ಟೇ ಒಂದು ಹಿಮಕರಡಿ ಯೋಹಾನ್ಸನ್ ಮೇಲೆ ಬಿದ್ದಿತ್ತು. ಬಂದೂಕು ನೀರಿಗೆ ಜಾರುತ್ತಿದ್ದ ಕಯಾಕಿನಲ್ಲಿ, ನಾನ್ಸನ್ ಅದನ್ನು ಎಳೆಯುತ್ತಿದ್ದಾನೆ, ಹಿಂದೆ ಯೋಹಾನ್ಸನ್ ಕರಡಿಯ ಗಂಟಲು ಹಿಡಿದು ಬಿದ್ದುಕೊಂಡಿದ್ದಾನೆ. ಆಗ ಅವನು ಹೇಳಿದ್ದರ ತಾತ್ಪರ್ಯ, ‘ನೀವು ಸ್ವಲ್ಪ ಬೇಗ ಮಾಡಿದರೆ ಒಳ್ಳೇದು.’ ಹೌದು, ಬಹುವಚನದಲ್ಲೇ. ಒಂದೇ ಚೀಲದಲ್ಲಿ ಮಲಗಿ ತಿಂಗಳುಗಳಾದರೂ ಇಬ್ಬರ ನಡುವೆ ‘ನೀನು’ ಬಂದಿದ್ದು ಆ ವರ್ಷದ ಕೊನೇ ರಾತ್ರಿಯೇ.

ಚಳಿಗಾಲ ಬಂತು. ಯಾವುದೋ ದ್ವೀಪ, ಹೆಸರು ಗೊತ್ತಿಲ್ಲ. ನೆಲ ಅಗೆದು, ಕಲ್ಲು ಪಾಚಿ ಪೇರಿಸಿ, ತೇಲಿಬಂದ ಒಂದು ದಿಮ್ಮಿಯ ಮೇಲೆ ವಾಲ್ರಸ್ ಚರ್ಮ ಹೊದಿಸಿ ಗುಡಿಸಲು ಮಾಡಿದರು. ಉದ್ದ ಮೂರು ಮೀಟರ್, ಅಗಲ ಎರಡು ಮೀಟರ್‌ಗೂ ಕಮ್ಮಿ. ಅದರಲ್ಲಿ ಸುಮಾರು ಎಂಟು ತಿಂಗಳು! ಬೆಳಿಗ್ಗೆ ಕರಡಿ ಮಾಂಸದ ಸಾರು, ರಾತ್ರಿ ಹುರಿದ ಕರಡಿ ಮಾಂಸ, ಮರುದಿನ ಮತ್ತೆ ಅದೇ. ದೀಪಕ್ಕೆ ವಾಲ್ರಸ್ ಕೊಬ್ಬು. ಬಟ್ಟೆಯಲ್ಲಿ ಜಿಡ್ಡು ಎಷ್ಟಿತ್ತೆಂದರೆ ಚಾಕುವಿನಿಂದ ಹೆರೆದು ಅದನ್ನೂ ದೀಪಕ್ಕೆ ಹಾಕಬಹುದಾಗಿತ್ತು. ಓದಲು ಇದ್ದದ್ದು ಪಂಚಾಂಗದಂಥ ಒಂದು ನಾವಿಕ ಕೋಷ್ಟಕ, ಅದನ್ನೇ ಮತ್ತೆ ಮತ್ತೆ ಓದಿದರು. ಉಳಿದಂತೆ ನಿದ್ದೆ, ಕೆಲವು ದಿನ 20 ಗಂಟೆವರೆಗೂ. ಕ್ರಿಸ್‌ಮಸ್‌ಗೆ ಯೋಹಾನ್ಸನ್ ಹಬ್ಬ ಅಂತ ಅಂಗಿಯನ್ನು ಒಳಗೆ ಹೊರಗೆ ತಿರುಗಿಸಿ ಹಾಕಿಕೊಂಡ.

ಹಿಂದಿನ ಎಷ್ಟೋ ಯಾತ್ರೆಗಳನ್ನು ಮುಗಿಸಿದ್ದು ಸ್ಕರ್ವಿ. ತಾಜಾ ಆಹಾರ ಇಲ್ಲದೇ ಸಿ ವಿಟಮಿನ್ ಮುಗಿದು ಒಸಡು ಕೊಳೆಯುವ ರೋಗ ಅದು. ಇವರಿಬ್ಬರಿಗೆ ಅದರ ಸುಳಿವೂ ಇಲ್ಲ. ತಾಜಾ ಮಾಂಸದಲ್ಲಿ ಇರುವ ಸ್ವಲ್ಪ ವಿಟಮಿನ್ನೇ ಸಾಕಾಯಿತು. ಇನ್ಯುಯಿಟ್ ಜನ ತರಕಾರಿ ಇಲ್ಲದೇ ಬದುಕೋದು ಹಾಗೆಯೇ. ಮುಂದೆ ತೂಕ ನೋಡಿದಾಗ ನಾನ್ಸನ್ ಹಡಗು ಬಿಟ್ಟಾಗಿಗಿಂತ 10 ಕೆಜಿ ದಪ್ಪಗಾಗಿದ್ದ!

1896ರ ಮೇನಲ್ಲಿ ಗುಡಿಸಲು ಬಿಟ್ಟರು. ಜೂನ್ 12ಕ್ಕೆ ಕಟ್ಟಿದ ಹಗ್ಗ ಕಳಚಿ ಎರಡೂ ಕಯಾಕ್ ತೇಲಿಹೋದವು. ಊಟ, ಬಂದೂಕು ಎಲ್ಲ ಅದರಲ್ಲೇ. ನಾನ್ಸನ್ ಆ ನೀರಿಗೆ ಹಾರಿ ಈಜಿ ಹಿಡಿದು ತಂದ, ದಡಕ್ಕೆ ಬರುವಾಗ ಕೈಕಾಲು ಮರಗಟ್ಟಿತ್ತು. ಐದು ದಿನ ಬಿಟ್ಟು, ಜೂನ್ 17ಕ್ಕೆ, ನಾಯಿ ಬೊಗಳಿದ ಸದ್ದು. ಹೋಗಿ ನೋಡಿದರೆ ಇಂಗ್ಲಿಷ್ ಮಾತಾಡುವ ಮನುಷ್ಯ: ಫ್ರೆಡರಿಕ್ ಜಾಕ್ಸನ್, ಅಲ್ಲೇ ಬೀಡುಬಿಟ್ಟಿದ್ದ ಬ್ರಿಟಿಷ್ ತಂಡದ ಮುಖಂಡ. ಹಿಂದೆ ಫ್ರಾಮ್‌ಗೆ ಸೇರಿಕೊಳ್ಳುತ್ತೇನೆ ಅಂತ ಕೇಳಿ, ನಾರ್ವೆಯವರು ಮಾತ್ರ ಅಂತ ನಾನ್ಸನ್ ಬೇಡ ಅಂದಿದ್ದವನೇ ಇವನು. ಅವನ ಮೈಯಿಂದ ಬರುತ್ತಿದ್ದ ಸೋಪಿನ ವಾಸನೆ ನಾನ್ಸನ್‌ಗೆ ದೂರದಿಂದಲೇ ಗೊತ್ತಾಯಿತಂತೆ. ಜಾಕ್ಸನ್‌ಗೆ ಎದುರಿಗಿದ್ದವನು ಯಾರು ಅಂತ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು. ಮಸಿ, ಜಿಡ್ಡು, ಉದ್ದ ಕೂದಲು. ‘ನೀವು ನಾನ್ಸನ್ ಅಲ್ವಾ?’ ಅಂತ ಕೊನೆಗೆ ಕೇಳಿದ.

ಜಾಕ್ಸನ್‌ಗೆ ಸಾಮಾನು ತಂದ ಹಡಗು ಹತ್ತಿ ಆಗಸ್ಟ್ 13ಕ್ಕೆ ನಾರ್ವೆಯ ವಾರ್ಡೋ ತಲುಪಿದರು. ಅಲ್ಲಿನ ಹೋಟೆಲಿನಲ್ಲಿ ಆ ದಿನ ತಂಗಿದ್ದವರು ಯಾರು? ಪ್ರೊಫೆಸರ್ ಮೋನ್. ಹನ್ನೆರಡು ವರ್ಷದ ಹಿಂದೆ ಗಡ್ಡೆ ಸಾಗುತ್ತದೆ ಅಂತ ಬರೆದಿದ್ದ ಅದೇ ಮೋನ್! ಅದೇ ದಿನ, ದೂರದ ಸ್ಪಿಟ್ಸ್‌ಬರ್ಗೆನ್ ಹತ್ತಿರ, ಫ್ರಾಮ್ ಗಡ್ಡೆಯಿಂದ ಬಿಡಿಸಿಕೊಂಡು ತೆರೆದ ನೀರಿಗೆ ಬಂತು. ಲೆಕ್ಕ ಹಾಕಿದ್ದ ಜಾಗದಲ್ಲೇ, ಹೆಚ್ಚುಕಡಿಮೆ ಮೂರು ವರ್ಷಕ್ಕೆ. 13 ಜನರಲ್ಲಿ ಒಬ್ಬರೂ ಸತ್ತಿರಲಿಲ್ಲ. ಹಡಗು ಸುಮ್ನೆ ತೇಲಿಕೊಂಡೇ 85 ಡಿಗ್ರಿ 57 ಮಿನಿಟ್‌ವರೆಗೆ ಹೋಗಿತ್ತು, ಅಂದರೆ ಪ್ರಾಣ ಪಣಕ್ಕಿಟ್ಟು ನಡೆದ ಇಬ್ಬರಿಗಿಂತ 30 ಕಿಲೋಮೀಟರ್‌ನಷ್ಟೇ ಹಿಂದೆ. ನಡೆದು ಹೋಗಿದ್ದರಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗಲಿಲ್ಲ. ಪತ್ರಿಕೆಗಳಿಗೆ ಮಾತ್ರ ಅದೇ ಕಥೆ ಬೇಕಿತ್ತು.

2019ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ಇದೇ ಉಪಾಯ ಮಾಡಿತು. ಬೇಕಂತಲೇ ಗಡ್ಡೆಗೆ ಕಟ್ಟಿಕೊಂಡು, ಹತ್ತಾರು ದೇಶದ ವಿಜ್ಞಾನಿಗಳನ್ನು ಹೊತ್ತು ತೇಲಿತು. ಅದು ಶುರು ಮಾಡಿದ್ದು ಫ್ರಾಮ್‌ಗಿಂತ ಮುಂದಿನ ಜಾಗದಿಂದ ಅನ್ನೋದು ನಿಜ, ಆದರೂ 10 ತಿಂಗಳಲ್ಲೇ ಆಚೆ ಕಡೆ ತಲುಪಿತು. ಈಗಿನ ಗಡ್ಡೆ ತೆಳು, ಗಾಳಿಗೆ ಬೇಗ ಓಡುತ್ತದೆ.

ಯೋಹಾನ್ಸನ್ ಕಥೆ ಚೆನ್ನಾಗಿ ಮುಗಿಯಲಿಲ್ಲ. ಊರಿಗೆ ಬಂದ ಮೇಲೆ ಕುಡಿತ, ಸಾಲ. ಅಮುಂಡ್ಸನ್ ಫ್ರಾಮ್ ಹಡಗನ್ನೇ ಎರವಲು ಪಡೆದು 1910ರಲ್ಲಿ ಹೊರಟಾಗ ನಾನ್ಸನ್ ಹೇಳಿ ಅವನನ್ನು ಸೇರಿಸಿದ. ಉತ್ತರಕ್ಕೆ ಅಂತ ಹಡಗು ತೆಗೆದುಕೊಂಡ ಅಮುಂಡ್ಸನ್ ದಾರಿ ಮಧ್ಯೆ ದಕ್ಷಿಣ ಧ್ರುವಕ್ಕೆ ಅಂದ. ದಕ್ಷಿಣ ಧ್ರುವದ ಆಸೆ ನಾನ್ಸನ್‌ಗೂ ಇತ್ತು, ಹಡಗು ಬಿಟ್ಟುಕೊಟ್ಟು ಅದನ್ನೂ ಬಿಟ್ಟಂತಾಯಿತು. ಅಂಟಾರ್ಕ್ಟಿಕಾದಲ್ಲಿ ಅಮುಂಡ್ಸನ್ ಅವಸರಕ್ಕೆ ಬಿದ್ದು ಚಳಿ ಹೋಗುವ ಮೊದಲೇ ಹೊರಟು ವಾಪಸ್ ಓಡಿಬಂದಾಗ ಯೋಹಾನ್ಸನ್ ಹಿಂದೆ ಉಳಿದಿದ್ದ ಗೆಳೆಯನನ್ನು ಉಳಿಸಿ ಕರೆತಂದ, ಬಂದವನು ಎಲ್ಲರೆದುರು ಅಮುಂಡ್ಸನ್‌ನನ್ನು ತರಾಟೆಗೆ ತೆಗೆದುಕೊಂಡ. ಧ್ರುವಕ್ಕೆ ಹೋಗುವ ಗುಂಪಿನಿಂದ ಅವನ ಹೆಸರು ಹೋಯಿತು. 1913ರ ಜನವರಿಯಲ್ಲಿ ಗುಂಡಿಟ್ಟುಕೊಂಡು ಸತ್ತ.

ನಾನ್ಸನ್ ಮತ್ತೆ ಮಂಜಿನ ಸಾಹಸಕ್ಕೆ ಹೋಗಲಿಲ್ಲ. ಸಮುದ್ರ ವಿಜ್ಞಾನ ಕಲಿಸಿದ, ಆಳದ ನೀರಿನ ಮಾದರಿ ತೆಗೆಯುವ ಬಾಟಲಿ ರೂಪಿಸಿದ. ಅದು ದಶಕಗಟ್ಟಲೆ ಎಲ್ಲ ಸಂಶೋಧನಾ ಹಡಗುಗಳಲ್ಲಿ ಇತ್ತು. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ಮಾತುಕತೆಯಲ್ಲಿ ಓಡಾಡಿದ, ಲಂಡನ್ನಿನಲ್ಲಿ ನಾರ್ವೆಯ ಮೊದಲ ರಾಯಭಾರಿಯಾದ. 1907ರಲ್ಲಿ ಈವಾ ತೀರಿಕೊಂಡಳು.

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಯುದ್ಧಕೈದಿಗಳು ರಷ್ಯಾದಲ್ಲೂ ಬೇರೆಡೆಯಲ್ಲೂ ಮನೆಗೆ ಹೋಗಲಾಗದೇ ಕೊಳೆಯುತ್ತಿದ್ದರು. ಹೊಸದಾಗಿ ಹುಟ್ಟಿದ್ದ ರಾಷ್ಟ್ರಸಂಘ 1920ರಲ್ಲಿ ಈ ಕೆಲಸವನ್ನು ನಾನ್ಸನ್ ತಲೆಗೆ ಕಟ್ಟಿತು. ಹಣ ಇಲ್ಲ, ಹಡಗಿಲ್ಲ, ಸೋವಿಯತ್ ಸರ್ಕಾರ ರಾಷ್ಟ್ರಸಂಘವನ್ನು ಒಪ್ಪುತ್ತಲೇ ಇರಲಿಲ್ಲ. ಅವರು ನಾನ್ಸನ್ ಜೊತೆ ಮಾತ್ರ ಮಾತಾಡಿದರು. 1922ರ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಜನ ಮನೆ ಸೇರಿದ್ದರು. 1921ರಲ್ಲಿ ವೋಲ್ಗಾ ತೀರದಲ್ಲಿ ಭೀಕರ ಬರ. ಸರ್ಕಾರಗಳ ಬಳಿ ಸಾಲ ಕೇಳಿದ, ಕೊಡಲಿಲ್ಲ. ಜನರಿಂದ ಎತ್ತಿದ. ಗ್ರೀಸ್ ಮತ್ತು ತುರ್ಕಿಯ ನಡುವೆ ಹತ್ತು ಲಕ್ಷಕ್ಕೂ ಮೀರಿ ಜನರನ್ನು ಧರ್ಮ ನೋಡಿ ಅದಲು ಬದಲು ಮಾಡಿದ ಒಪ್ಪಂದದಲ್ಲೂ ಅವನ ಕೈ ಇದೆ. ಅದನ್ನು ಓದುವಾಗ ನನಗೆ ಕಸಿವಿಸಿ ಆಗುತ್ತದೆ. ಬೇರೆ ದಾರಿ ಇರಲಿಲ್ಲ ಅಂತ ಅವನ ಕಡೆಯವರ ವಾದ. 1922ರಲ್ಲಿ ನೊಬೆಲ್ ಶಾಂತಿ ಬಹುಮಾನ ಬಂತು, ಆ ಹಣವನ್ನೂ ಪರಿಹಾರದ ಕೆಲಸಕ್ಕೇ ಹಾಕಿದ.

ಅವನ ಹೆಸರು ಹೆಚ್ಚು ಜನರ ಜೇಬಿನಲ್ಲಿ ಓಡಾಡಿದ್ದು ಒಂದು ಹಾಳೆಯಿಂದ. ಕ್ರಾಂತಿಯಲ್ಲಿ ದೇಶ ಬಿಟ್ಟ ರಷ್ಯನ್ನರ ಪೌರತ್ವವನ್ನು ಸೋವಿಯತ್ ಸರ್ಕಾರ 1921ರ ಕೊನೆಗೆ ರದ್ದು ಮಾಡಿತು. ಪಾಸ್‌ಪೋರ್ಟ್ ಇಲ್ಲದವನು ಗಡಿ ದಾಟಲಾರ, ಕೆಲಸ ಹಿಡಿಯಲಾರ. ಇದ್ದ ದೇಶದವರು ಹೊರಗೆ ತಳ್ಳೋಣ ಅಂದರೂ ಕಳಿಸಲು ಜಾಗ ಇಲ್ಲ. ನಾನ್ಸನ್ ಸೂಚಿಸಿದ್ದು ಸರಳ: ಅವನು ಈಗ ಇರುವ ದೇಶವೇ ಒಂದು ಗುರುತಿನ ಹಾಳೆ ಕೊಡಲಿ, ಉಳಿದ ದೇಶಗಳು ಅದನ್ನು ಒಪ್ಪಲಿ. ಪೌರತ್ವ ಕೊಡುವ ಹಂಗಿಲ್ಲ, ಹಾಗಾಗಿ ಸರ್ಕಾರಗಳು ಹೆದರಲಿಲ್ಲ, ಐವತ್ತಕ್ಕೂ ಹೆಚ್ಚು ದೇಶ ಒಪ್ಪಿದವು. ಮುಂದೆ ಅರ್ಮೇನಿಯನ್ನರಿಗೂ ಸಿಕ್ಕಿತು. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಗಾಲ್, ನೃತ್ಯಗಾತಿ ಪಾವ್ಲೋವಾ ಎಲ್ಲರೂ ಇದನ್ನು ಹಿಡಿದವರೇ, ಅವರ ಜೊತೆ ಹೆಸರು ಗೊತ್ತಿಲ್ಲದ ಲಕ್ಷಾಂತರ ಟ್ಯಾಕ್ಸಿ ಡ್ರೈವರುಗಳು, ದರ್ಜಿಗಳು, ವಿಧವೆಯರು. ನಾನ್ಸನ್ ತೀರಿಕೊಂಡಿದ್ದು 1930ರ ಮೇ 13. ಆಮೇಲೂ ಆ ಹಾಳೆಗಳು ನವೀಕರಣ ಆಗುತ್ತಲೇ ಇದ್ದವು. ಪ್ರತಿಸಲ ಐದು ಚಿನ್ನದ ಫ್ರಾಂಕ್ ಬೆಲೆಯ ಒಂದು ಸ್ಟಾಂಪು ಅಂಟಿಸಬೇಕು, ಅದರ ಮೇಲೆ ಮೀಸೆ ಹೊತ್ತ ನಾನ್ಸನ್ ಮುಖ. ಕಟ್ಟುವ ಶಕ್ತಿ ಇದ್ದವರು ಕೊಟ್ಟ ಆ ದುಡ್ಡು ಬೇರೆ ನಿರಾಶ್ರಿತರ ನೆರವಿಗೆ ಹೋಗುತ್ತಿತ್ತು.